ದಾಸೋಹ ಎಲ್ಲಿಯವರೆಗೆ ಮುಟ್ಟಬೇಕು?

(ಹುನ್ನೂರಿನಲ್ಲಿ ಮಾಡಿದ ಉಪನ್ಯಾಸದ ಸಾರ)

ಬಡತನ ಹಣೆಬರಹವಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಜಮಖಂಡಿ ಸೀಮೆಯಲ್ಲೇ ಇದೆ. ಕೃಷ್ಣೆ ಮಗ್ಗುಲಲ್ಲೇ ಹರಿದರೂ ಬೇಸಿಗೆಯಲ್ಲಿ ಹೊಲಗಳು ಒಣಗುತ್ತಿದ್ದವು. ರೈತರು ಸರ್ಕಾರದ ದಾರಿ ಕಾಯಲಿಲ್ಲ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಕಾಯಕವೆಂದರೆ ಇದು.

ಆದರೆ ಕಾಯಕದ ಫಲ ದಾಸೋಹವಾಗಬೇಕು. ನೀರು ಹೊಲವಿದ್ದವರಿಗೆ ಮುಟ್ಟಿತು, ಕಬ್ಬು ಬೆಳೆಯಿತು. ಆ ಕಬ್ಬು ಕಡಿಯುವ ಗ್ಯಾಂಗಿನವರು, ರಬಕವಿ-ಬನಹಟ್ಟಿಯಲ್ಲಿ ಕೂಲಿಗೆ ನೇಯುವವರು ಎಷ್ಟೋ ಮಂದಿ ಇಂದಿಗೂ ಮುಂಗಡದ ಸಾಲದಲ್ಲಿದ್ದಾರೆ. ಸಾಲ ತೀರುವತನಕ ಮಾಲೀಕನನ್ನು ಬಿಡಲಾಗದವರಿಗೆ ಯಾವ ಸ್ವಾತಂತ್ರ್ಯ?

ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಕಳಿಸಿದವಳು ಆಯ್ದಕ್ಕಿ ಲಕ್ಕಮ್ಮ. ನಮ್ಮ ಮನೆಯ ಹೆಚ್ಚಿನ ಅಕ್ಕಿ ಯಾವುದು? ಜಾತ್ರೆ, ಮದುವೆಗಳ ಖರ್ಚಿನಲ್ಲಿ ಒಂದು ಪಾಲು ತೆಗೆದಿಟ್ಟು ಊರೂರಿಗೆ ಬಡ್ಡಿಯಿಲ್ಲದ ನಿಧಿ ಕಟ್ಟೋಣ. ವರ್ಷಕ್ಕೆ ಒಂದು ಮನೆಯನ್ನಾದರೂ ಮುಂಗಡದಿಂದ ಬಿಡಿಸೋಣ. ಹೊಳೆಗೆ ಬ್ಯಾರೇಜು ಕಟ್ಟಿದ ಸೀಮೆಗೆ ಇದು ಭಾರವಲ್ಲ.