ಪಾಠ ಕಾಯಬೇಕು



ತೆಲಂಗಾಣದ ಬಶೀರಾಬಾದ್ ನಮ್ಮ ಸೇಡಂ ಸೀಮೆಗೆ ಅಂಟಿಕೊಂಡ ಊರು. ಸುತ್ತ ತೊಗರಿ ಹೊಲ, ಪರಸಿ ಕಲ್ಲಿನ ಗಣಿ. ಅಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತವೆ. ಇಂಥ ಗಡಿ ಊರುಗಳ ಮಕ್ಕಳು ಡಿಗ್ರಿ ಓದಲು ತಾಂಡೂರು, ಹೈದರಾಬಾದ್, ಕಲಬುರಗಿಗಳಿಗೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಕಾಲೇಜು ಮುಚ್ಚಿದವು, ರೈಲು ನಿಂತವು. ಹಾಸ್ಟೆಲಿನಲ್ಲಿದ್ದವರು ಊರಿಗೆ ಮರಳಿದರು. ಪಾಠ ಮೊಬೈಲಿಗೆ ಬಂತು.

ಆನ್‌ಲೈನ್ ಪಾಠ ಮಕ್ಕಳಿಗೆ ಹಿಡಿಸಲಿಲ್ಲ ಎಂದು ಆಗ ಬಹಳ ಮಂದಿ ಹೇಳಿದರು. ಯಾಕೆ ಹಿಡಿಸಲಿಲ್ಲ?

ಬಿ.ಎಸ್ಸಿ. ಓದುವ ಒಬ್ಬ ಹುಡುಗಿಯನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್. ಬೆಳಿಗ್ಗೆ ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುತ್ತದೆ, ಬಂದ ಮೇಲೆ ತಮ್ಮನಿಗೂ ಬೇಕು. ತನ್ನ ಪಾಳಿ ಬಂದಾಗ ಮನೆಯೊಳಗೆ ಸಿಗ್ನಲ್ ಇಲ್ಲ. ಮಾಳಿಗೆ ಹತ್ತಿ, ಬಿಸಿಲಿಗೆ ಓಢಣಿ ಮರೆ ಮಾಡಿ ನೋಡುತ್ತಾಳೆ. ಸಮೀಕರಣದ ಎರಡನೇ ಸಾಲಿಗೆ ಸರ್ ಮುಖ ಪರದೆಯ ಮೇಲೆ ಗಕ್ಕನೆ ನಿಂತುಬಿಡುತ್ತದೆ. ಮತ್ತೆ ಸೇರಿಕೊಳ್ಳುವಷ್ಟರಲ್ಲಿ ಹಾಜರಿ ಮುಗಿದಿರುತ್ತದೆ.

ಇದು ಒಬ್ಬಳ ಪಾಡಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಇಂಟರ್‌ನೆಟ್ ಸೌಲಭ್ಯವಿದ್ದದ್ದು ನೂರಕ್ಕೆ ಸುಮಾರು 15 ಮನೆಗಳಿಗೆ, ಕಂಪ್ಯೂಟರ್ ಇದ್ದದ್ದು ನಾಲ್ಕೈದು ಮನೆಗಳಲ್ಲಿ. ಪರೀಕ್ಷೆ ಮಾತ್ರ ತಪ್ಪಲಿಲ್ಲ. ಕೊನೆಯ ವರ್ಷದವರಿಗೆ ಪರೀಕ್ಷೆಯಿಲ್ಲದೆ ಪದವಿ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 28ರಂದು ಹೇಳಿತು.

ಹಾಗಾದರೆ ಬೇರೆ ದಾರಿ ಇರಲಿಲ್ಲವೇ? ಒಂದು ಗಂಟೆಯ ನೇರ ವಿಡಿಯೊ ಪಾಠ ನೂರಾರು ಎಂಬಿ ಡೇಟಾ ತಿನ್ನುತ್ತದೆ. ಅದೇ ಪಾಠವನ್ನು ಬರೀ ದನಿಯಲ್ಲಿ ರೆಕಾರ್ಡ್ ಮಾಡಿ, ನೋಟ್ಸಿನ ಫೋಟೊ ಜೊತೆಗಿಟ್ಟು ವಾಟ್ಸ್‌ಆ್ಯಪಿಗೆ ಹಾಕಿದರೆ ಅದರ ಸಣ್ಣ ಪಾಲು ಸಾಕು. ರಾತ್ರಿ ಫೋನ್ ಕೈಗೆ ಸಿಕ್ಕಾಗ ಆ ಹುಡುಗಿ ಅದನ್ನು ಮೂರು ಸಲ ಕೇಳಬಲ್ಲಳು, ತಿಳಿಯದ್ದನ್ನು ಬರೆದು ಕೇಳಬಲ್ಲಳು. ಲ್ಯಾಬಿನ ಕೆಲಸಕ್ಕೆ ಮಾತ್ರ ಕಾಲೇಜೇ ಬೇಕು. ಅದನ್ನು ಯಾವ ಫೋನೂ ತುಂಬಿಕೊಡದು.

ಆದ್ದರಿಂದ ಅವಳ ಬೇಸರ ಓದಿನ ಮೇಲಿನದಲ್ಲ, ಫೋನಿನ ಮೇಲಿನದೂ ಅಲ್ಲ. ತನ್ನನ್ನು ಬಿಟ್ಟು ಮುಂದೆ ಹೋದ ಪಾಠದ ಮೇಲಿನದು. ಅಧ್ಯಾಪಕರೇ, ಇಂಥ ದಿನ ಮತ್ತೆ ಬಂದರೆ ವೇಳಾಪಟ್ಟಿ ಹಾಕುವ ಮೊದಲು ಅವಳನ್ನು ಒಂದು ಮಾತು ಕೇಳಿ: ನಿನ್ನ ಕೈಗೆ ಫೋನ್ ಯಾವಾಗ ಸಿಗುತ್ತದೆ, ತಾಯಿ?