ಆಟಗಾರನ ಬೆಲೆ, ಅಭಿಮಾನಿಯ ಲೆಕ್ಕ



ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಜೆಯ ಹೊತ್ತು ಗುಡಿಯ ಕಟ್ಟೆಯ ಮೇಲೆ ನಡೆಯುವ ಮಾತುಕತೆಯನ್ನು ನೀವು ಕೇಳಿಯೇ ಇರುತ್ತೀರಿ. ಅಲ್ಲಿ ಹೆಚ್ಚಾಗಿ ಎರಡು ವಿಷಯಗಳ ಚರ್ಚೆ. ಒಂದು ಮಳೆ, ಇನ್ನೊಂದು ಆಟ. ಇವೆರಡಕ್ಕೂ ಒಂದು ಸಮಾನ ಗುಣವಿದೆ. ನಾಳೆ ಏನಾಗುವುದೆಂದು ಯಾರಿಗೂ ತಿಳಿಯದು. ಆದರೂ ಇಂದೇ ಒಂದು ತೀರ್ಮಾನ ಮಾಡಲೇಬೇಕು. ಇಂಥ ತೀರ್ಮಾನವನ್ನು ಹೇಗೆ ತೂಗಿ ನೋಡಬೇಕು ಎಂಬುದೇ ಇಂದಿನ ನನ್ನ ಮಾತಿನ ವಿಷಯ. ಉದಾಹರಣೆಗೆ ನಮ್ಮೆಲ್ಲರಿಗೂ ಗೊತ್ತಿರುವ ಕಬಡ್ಡಿಯನ್ನೇ ತೆಗೆದುಕೊಳ್ಳೋಣ.

2024ರ ಆಗಸ್ಟ್ ತಿಂಗಳಲ್ಲಿ ಮುಂಬಯಿಯಲ್ಲಿ ಪ್ರೊ ಕಬಡ್ಡಿ ಲೀಗಿನ 11ನೆಯ ಆವೃತ್ತಿಗಾಗಿ ಆಟಗಾರರ ಹರಾಜು ನಡೆಯಿತು. ಯುಪಿ ಯೋಧಾಸ್ ತಂಡ ಉಳಿಸಿಕೊಳ್ಳದೆ ಬಿಟ್ಟಿದ್ದ ಪ್ರದೀಪ್ ನರ್ವಾಲ್ ಅವರನ್ನು ನಮ್ಮ ಬೆಂಗಳೂರು ಬುಲ್ಸ್ 70 ಲಕ್ಷ ರೂಪಾಯಿಗೆ ಕೊಂಡಿತು. ಹರಿಯಾಣದ ಈ ಆಟಗಾರ ಸಾಮಾನ್ಯರಲ್ಲ. ಪಟ್ನಾ ಪೈರೇಟ್ಸ್ ಸತತವಾಗಿ ಮೂರು ಬಾರಿ ಪ್ರಶಸ್ತಿ ಗೆದ್ದಾಗ ಅದರ ಮುಖ್ಯ ದಾಳಿಗಾರ ಇವರೇ. ಲೀಗಿನ ಇತಿಹಾಸದಲ್ಲಿ ದಾಳಿಯಿಂದ ಅತಿ ಹೆಚ್ಚು ಅಂಕ ಗಳಿಸಿದವರೂ ಇವರೇ. ಆದರೆ ಹಿಂದಿನ ಆವೃತ್ತಿಯಲ್ಲಿ ಅವರ ಆಟ ಮಂಕಾಗಿತ್ತು. ಇಂಥವರನ್ನು ಕೊಳ್ಳುವುದು ಜಾಣತನವೋ, ಜೂಜೋ? ಅಭಿಮಾನಿಗಳಲ್ಲಿ ಎರಡು ಪಕ್ಷಗಳಾದವು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ವಾದ ಹೀಗಿರುತ್ತದೆ:

"ಎಪ್ಪತ್ತು ಲಕ್ಷ ರೊಕ್ಕ ನೀರಾಗ ಹಾಕಿದಂಗ ಆತು ನೋಡು."

"ಏ ಸುಮ್ಮನಿರಪಾ. ಹುಲಿ ಮುದುಕ ಆದ್ರೂ ಹುಲ್ಲು ತಿನ್ನೂದಿಲ್ಲ."

"ಹುಲಿ ಖರೇನ ಐತಿ ಅಣ್ಣಾ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಬ್ಯಾಟಿ ಹಿಂದ ಓಡಾಕ ಈಗ ಅದಕ್ಕ ಆಕ್ಕತೇನು?"

ಮೂರನೆಯ ಮಾತನ್ನು ಗಮನಿಸಿ. ಮೊದಲಿಬ್ಬರು ತಮ್ಮ ಮನಸ್ಸಿನ ಭಾವನೆಯನ್ನು ಹೇಳಿದರು. ಮೂರನೆಯವನು ಪ್ರಶ್ನೆ ಕೇಳಿದ. "ಆತ ದೊಡ್ಡ ಆಟಗಾರನೇ?" ಎಂಬುದು ಒಂದು ಪ್ರಶ್ನೆ. "ಈ ವರ್ಷ, ಈ ಬೆಲೆಗೆ, ನಮ್ಮ ತಂಡಕ್ಕೆ ಆತ ಬೇಕೇ?" ಎಂಬುದು ಬೇರೆಯೇ ಪ್ರಶ್ನೆ. ಕಟ್ಟೆಯ ಜಗಳಗಳಲ್ಲಿ ಅರ್ಧದಷ್ಟು ಹುಟ್ಟುವುದು ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ.

ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ಬಳಿ ಏನಿದೆ? ಮೊದಲನೆಯದು ನೆನಪು. ಪ್ರದೀಪ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅವರ 'ಡುಬ್ಕಿ'. ಎದುರಾಳಿಗಳು ಕೈಕೈ ಹಿಡಿದು ಸುತ್ತುವರಿದಾಗ, ಥಟ್ಟನೆ ಸೊಂಟ ಬಗ್ಗಿಸಿ, ಆ ಕೈಗಳ ಕೆಳಗಿನಿಂದ ನುಸುಳಿ ನಡುಗೆರೆ ಮುಟ್ಟುವ ಪಟ್ಟು. 2017ರಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧದ ಪಂದ್ಯದಲ್ಲಿ ಒಂದೇ ದಾಳಿಯಲ್ಲಿ ಆರು ಮಂದಿಯನ್ನು ಹೊರಗಟ್ಟಿ 8 ಅಂಕ ತಂದದ್ದನ್ನು ಕಂಡವರು ಮರೆಯಲಾರರು.

ಇಲ್ಲಿ ದೂರದರ್ಶನದವನಾಗಿ ನಿಮಗೊಂದು ಮಾತು ಹೇಳಬೇಕು. ಪಂದ್ಯ ಮುಗಿದ ಮೇಲೆ ನಾವು ಸಂಕಲನದ ಕೋಣೆಯಲ್ಲಿ ಕುಳಿತು, ಮುಕ್ಕಾಲು ತಾಸಿನ ಆಟದಿಂದ ಮೂರು ನಿಮಿಷದ ಮುಖ್ಯಾಂಶ ಆರಿಸುತ್ತೇವೆ. ಆರಿಸುವುದು ಯಾವುದನ್ನು? ರೋಮಾಂಚನ ಹುಟ್ಟಿಸುವುದನ್ನು. ಬರಿಗೈಯಲ್ಲಿ ಹಿಂದಿರುಗಿದ ದಾಳಿಗಳು ಅಲ್ಲೇ ಉಳಿಯುತ್ತವೆ. ಹೀಗೆ ಆರಿಸಿದ ಚಿತ್ರಗಳನ್ನೇ ನೀವು ನೂರು ಸಲ ನೋಡಿದರೆ, ಆತ ಪ್ರತಿ ದಾಳಿಯಲ್ಲೂ ಗೆದ್ದನೆಂಬ ಭಾವನೆ ಮೂಡುವುದು ಸಹಜ. ಪ್ರಯೋಗಾಲಯದಲ್ಲಿ ಚೀಲದ ಮೇಲಿನ ದಪ್ಪ ಕಾಳುಗಳನ್ನಷ್ಟೇ ಹೆಕ್ಕಿ ತೂಗಿ, ಇಡೀ ಚೀಲದ ಕಾಳು ಇಷ್ಟೇ ದಪ್ಪ ಎಂದು ಬರೆದರೆ ನಿಮ್ಮ ಅಧ್ಯಾಪಕರು ಒಪ್ಪುವರೇ?

ಎರಡನೆಯದು ಅಂಕಿಅಂಶ. ದಾಳಿಯಿಂದ ಪ್ರದೀಪ್ ಗಳಿಸಿದ ಅಂಕಗಳನ್ನು ಆವೃತ್ತಿಯ ಕ್ರಮದಲ್ಲಿ ಒಂದು ಕಾಗದದ ಮೇಲೆ ಬರೆದುಕೊಳ್ಳಿ. 5ನೆಯ ಆವೃತ್ತಿಯಲ್ಲಿ 369. ಆಮೇಲೆ 233, 302, 188, 220. 10ನೆಯ ಆವೃತ್ತಿಯಲ್ಲಿ 122. ಆಡಿದ ಪಂದ್ಯಗಳ ಸಂಖ್ಯೆ ಪ್ರತಿ ಸಲವೂ ಒಂದೇ ಆಗಿರಲಿಲ್ಲವೆಂಬುದು ನೆನಪಿರಲಿ. ಈಗ ಈ ಅಂಕಿಗಳು ಏನು ಹೇಳುತ್ತವೆ?

ಕೊಳ್ಳಬೇಕೆನ್ನುವವನು ಹೇಳುತ್ತಾನೆ: "ನೋಡಿ, 233ಕ್ಕೆ ಇಳಿದ ಮೇಲೆ 302ಕ್ಕೆ ಏರಿದರು. 188ಕ್ಕೆ ಇಳಿದ ಮೇಲೆ 220ಕ್ಕೆ ಏರಿದರು. ಈಗ 122ಕ್ಕೆ ಇಳಿದಿದ್ದಾರೆ, ಮುಂದಿನದು ಏರಿಕೆಯೇ." ಬೇಡವೆನ್ನುವವನು ಹೇಳುತ್ತಾನೆ: "ಏರಿದ ಶಿಖರಗಳನ್ನು ನೋಡಿ: 369, 302, 220. ಇಳಿದ ಕಣಿವೆಗಳನ್ನು ನೋಡಿ: 233, 188, 122. ಎರಡೂ ಕೆಳಮುಖವಾಗಿಯೇ ಸಾಗಿವೆ." ಒಂದೇ ಅಂಕಿಗಳಿಂದ ಇಬ್ಬರೂ ವಾದಿಸಿದರು, ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೆ ಎರಡನೆಯವನ ವಾದದಲ್ಲಿ ಹೆಚ್ಚು ತೂಕವಿದೆ, ಏಕೆಂದರೆ ಅವನು ಆರೂ ಅಂಕಿಗಳನ್ನು ಒಟ್ಟಾಗಿ ನೋಡಿದ. ಮುಂದಿನ ಸಲ ಏರಿಕೆಯಾದರೂ ಅದು ಹಳೆಯ ಎತ್ತರಕ್ಕೆ ಮುಟ್ಟಲಾರದು ಎಂಬ ಊಹೆಗೆ ಈ ಅಂಕಿಗಳಲ್ಲಿ ಆಧಾರವಿದೆ. ಆಗ ಪ್ರದೀಪ್ ಅವರ ವಯಸ್ಸು 27 ಮಾತ್ರ. ಆದರೆ ಡುಬ್ಕಿಯ ಆಟ ಮೊಣಕಾಲು, ಸೊಂಟಗಳನ್ನು ನಂಬಿದ ಆಟ. ಎಷ್ಟೋ ವರ್ಷ ಅದನ್ನು ಆಡಿದ ದೇಹದ ದಣಿವನ್ನು ಹುಟ್ಟಿದ ತಾರೀಖು ಹೇಳುವುದಿಲ್ಲ.

ಮೂರನೆಯದು ಬೆಲೆ. 2021ರಲ್ಲಿ ಯುಪಿ ತಂಡ ಇದೇ ಆಟಗಾರನಿಗೆ 1 ಕೋಟಿ 65 ಲಕ್ಷ ಕೊಟ್ಟಿತ್ತು. ಆಗ ಒಂದು ತಂಡ ಆಟಗಾರರಿಗಾಗಿ ವೆಚ್ಚ ಮಾಡಬಹುದಾಗಿದ್ದ ಮೊತ್ತ 4 ಕೋಟಿ 40 ಲಕ್ಷ. ಅಂದರೆ ಒಬ್ಬರಿಗೇ ನೂರಕ್ಕೆ 37ಕ್ಕಿಂತ ಹೆಚ್ಚು. 2024ರಲ್ಲಿ ಆ ಮೊತ್ತ 5 ಕೋಟಿ; ಬುಲ್ಸ್ ಕೊಟ್ಟ 70 ಲಕ್ಷ ಅದರಲ್ಲಿ ನೂರಕ್ಕೆ 14. ಅದೇ ಹರಾಜಿನಲ್ಲಿ ಬುಲ್ಸ್ ಇನ್ನೊಬ್ಬ ದಾಳಿಗಾರ ಅಜಿಂಕ್ಯ ಪವಾರ್ ಅವರಿಗೆ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಕೊಟ್ಟಿತು. ಅಂದಮೇಲೆ ಅಪಾಯವನ್ನು ಮಾರುಕಟ್ಟೆ ಆಗಲೇ ಬೆಲೆಯಿಂದ ಕಳೆದಿತ್ತು.

ಫಲಿತಾಂಶವೇನಾಯಿತು? ಆವೃತ್ತಿ ಮುಗಿದಾಗ ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು 2, ಸೋತದ್ದು 19, ಸಮ ಮಾಡಿಕೊಂಡದ್ದು 1. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ನಾಯಕರಾಗಿದ್ದ ಪ್ರದೀಪ್ ದಾಳಿಯಿಂದ ಗಳಿಸಿದ್ದು 111 ಅಂಕ. "ನಾ ಆಗಲೇ ಹೇಳಿದ್ದೆ!" ಎಂದು ಬೇಡವೆಂದವರು ತೊಡೆ ತಟ್ಟಿದರು. ಆದರೆ ಇಲ್ಲಿ ಸ್ವಲ್ಪ ನಿಲ್ಲೋಣ. ಫಲ ಕೆಟ್ಟಿತೆಂದ ಮಾತ್ರಕ್ಕೆ ತೀರ್ಮಾನವೂ ಕೆಟ್ಟದ್ದೇ?

ಇದಕ್ಕೆ ಉತ್ತರ ನಿಮ್ಮ ಹೊಲದಲ್ಲೇ ಇದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯ ರೈತ ಮುಂಗಾರಿನ ಮೊದಲ ಹದ ಮಳೆಗೆ ಹೆಸರು ಬಿತ್ತುತ್ತಾನೆ. ಮುಂದೆ ಮಳೆ ಕೈಕೊಟ್ಟರೆ ಬೆಳೆ ಹೋಯಿತು. ಬಿತ್ತಿದ್ದು ತಪ್ಪೇ? ಬಿತ್ತುವ ದಿನ ಭೂಮಿಯಲ್ಲಿ ಸಾಕಷ್ಟು ಹಸಿ ಇತ್ತೇ, ಬೀಜ ಒಳ್ಳೆಯದಿತ್ತೇ, ಸಮಯ ಮೀರಿರಲಿಲ್ಲವೇ ಎಂದು ನೋಡಿ ಹೇಳಬೇಕೇ ಹೊರತು, ಆಗಸ್ಟ್ ತಿಂಗಳ ಒಣ ಆಕಾಶವನ್ನು ನೋಡಿ ಜೂನ್ ತಿಂಗಳ ರೈತನನ್ನು ದಡ್ಡನೆನ್ನುವುದು ನ್ಯಾಯವಲ್ಲ. ಹಾಗೆಯೇ, ಒಣ ನೆಲದಲ್ಲಿ ಬೀಜ ಚೆಲ್ಲಿದವನಿಗೆ ಮರುದಿನ ಮಳೆ ಬಂದರೆ ಅದು ಅದೃಷ್ಟ, ಅದನ್ನು ಜಾಣತನವೆನ್ನಲಾಗದು. ಇನ್ನೊಂದು ಮಾತು. ಅನುಭವಿ ರೈತ ಇದ್ದ ಬೀಜವನ್ನೆಲ್ಲ ಒಂದೇ ಮಳೆಗೆ ಒಪ್ಪಿಸುವುದಿಲ್ಲ. ಒಂದಿಷ್ಟು ಹೊಲವನ್ನು ಹಿಂಗಾರಿಯ ಕಡಲೆಗೆ, ಜೋಳಕ್ಕೆ ಬಿಟ್ಟಿರುತ್ತಾನೆ.

ಈ ಅಳತೆಗೋಲಿನಿಂದ ನೋಡಿದರೆ, ನೂರಕ್ಕೆ 14 ಪಾಲು ಕೊಟ್ಟು ಪ್ರದೀಪ್ ಅವರನ್ನು ಕೊಂಡದ್ದು ಹುಚ್ಚುತನವಾಗಿರಲಿಲ್ಲ. ಪರೀಕ್ಷಿಸಬೇಕಾದ ಪ್ರಶ್ನೆ ಬೇರೆ: ಅವರು ಎಡವಿದರೆ ಕೈಹಿಡಿಯಲು ಹಿಂಗಾರಿಯ ಬೆಳೆ ಇತ್ತೇ? ಕಬಡ್ಡಿ ಏಳು ಮಂದಿಯ ಆಟ. ಒಬ್ಬನೇ ಆಟಗಾರ 19 ಸೋಲುಗಳನ್ನು ತರಲಾರ.

ಇದಕ್ಕೆ ತದ್ವಿರುದ್ಧವಾದ ಸಂಗತಿಯನ್ನೂ ನೋಡಿ. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡ ಪವನ್ ಸೆಹ್ರಾವತ್ ಅವರಿಗೆ 2 ಕೋಟಿ 26 ಲಕ್ಷಕ್ಕೂ ಹೆಚ್ಚು ಕೊಟ್ಟಿತು. 2019ರ ಜನವರಿಯ ಫೈನಲ್ ಪಂದ್ಯದಲ್ಲಿ 22 ಅಂಕ ಗಳಿಸಿ ನಮ್ಮ ಬುಲ್ಸ್‌ಗೆ ಪ್ರಶಸ್ತಿ ತಂದ ವೀರ ಇವರೇ. ಆಗ ಅವರ ಆಟ ಉತ್ತುಂಗದಲ್ಲಿತ್ತು. ಯಾರೂ ಇದನ್ನು ಜೂಜೆನ್ನಲಿಲ್ಲ. ಆದರೆ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಆವೃತ್ತಿಗೆ ಹೊರಗುಳಿದರು. ತಂಡ ಮುಳುಗಿತೇ? ಇಲ್ಲ. ಅದೇ ವರ್ಷ ಲೀಗಿಗೆ ಕಾಲಿಟ್ಟ ನರೇಂದರ್ ಎಂಬ ತರುಣ ದಾಳಿಯಿಂದ 200ಕ್ಕೂ ಹೆಚ್ಚು ಅಂಕ ಗಳಿಸಿದ. ತಂಡ ಸೆಮಿಫೈನಲ್ ತಲುಪಿತು. ಅಪಾಯವಿಲ್ಲದ ಆಟಗಾರನೆಂಬುವನಿಲ್ಲ. ಅಪಾಯ ತಾಳಿಕೊಳ್ಳಬಲ್ಲ ತಂಡವಿದೆ, ತಾಳಿಕೊಳ್ಳಲಾಗದ ತಂಡವಿದೆ.

ಬಿಟ್ಟುಕೊಡುವುದರಲ್ಲೂ ಅಪಾಯವುಂಟು. ಪ್ರದೀಪ್ ಲೀಗಿಗೆ ಬಂದದ್ದೇ 2015ರಲ್ಲಿ ಬುಲ್ಸ್ ತಂಡದ ಮೂಲಕ. ಆ ವರ್ಷ ಅವರ ದಾಳಿಯ ಅಂಕ ಬರೀ 9. ಮುಂದಿನ ಆವೃತ್ತಿಯಲ್ಲಿ ಪಟ್ನಾ ಪರವಾಗಿ 116! 9 ಅಂಕದ ಆ ಹುಡುಗನಿಗೆ ಆಗ ಇನ್ನೂ 20 ತುಂಬಿರಲಿಲ್ಲ.

ಮಿತ್ರರೇ, ಇದೆಲ್ಲ ದೂರದ ಕೋಟಿಗಳ ಕಥೆಯೆಂದು ತಳ್ಳಿಹಾಕಬೇಡಿ. ನಿಮ್ಮೂರಿನ ಜಾತ್ರೆಯ ಕಬಡ್ಡಿ ಪಂದ್ಯಾವಳಿಗೆ ಮನೆಮನೆಗೆ ಹೋಗಿ ಪಟ್ಟಿ ಎತ್ತುತ್ತೀರಿ. ಆ ಹಣದಲ್ಲಿ ಪರವೂರಿನಿಂದ ಹೆಸರಾದ ದಾಳಿಗಾರನೊಬ್ಬನನ್ನು ಒಂದು ರಾತ್ರಿಗೆ ಕರೆಸಬೇಕೆಂದು ಕೆಲವರು ಹೇಳುತ್ತಾರೆ. ಅವನ ಮೊಣಕಾಲು ನೋಯುತ್ತಿದೆಯೆಂಬ ಸುದ್ದಿಯೂ ಇರುತ್ತದೆ. ಅವನು ಬಂದರೆ, ವರ್ಷವಿಡೀ ನಿಮ್ಮೊಂದಿಗೆ ಮಣ್ಣಿನ ಅಂಕಣದಲ್ಲಿ ಬೆವರು ಸುರಿಸಿದ ನಿಮ್ಮೂರ ಹುಡುಗ ಹೊರಗೆ ಕೂಡಬೇಕು. ಪಟ್ಟಿಯ ಲೆಕ್ಕದ ಪುಸ್ತಕದಲ್ಲಿ ಪರವೂರಿನವನಿಗೆ ಕೊಟ್ಟ ಹಣವಿರುತ್ತದೆ. ಹೊರಗೆ ಕುಳಿತ ಹುಡುಗನಿಗೆ ಆದ ನಷ್ಟ ಇರುವುದಿಲ್ಲ. ಅದನ್ನು ನೀವೇ ಬರೆದುಕೊಳ್ಳಬೇಕು. ಇದರರ್ಥ ಹೊರಗಿನವನನ್ನು ಎಂದೂ ಕರೆಸಬಾರದೆಂದಲ್ಲ. ಒಳ್ಳೆಯ ಆಟಗಾರನ ಜೊತೆ ಒಂದು ಪಂದ್ಯ ಆಡಿ ಊರ ಹುಡುಗರು ಕಲಿಯುವುದೂ ಉಂಟು. ಎರಡೂ ಬದಿ ಲೆಕ್ಕಕ್ಕೆ ಬರಲಿ, ಅಷ್ಟೇ.

ಆದ್ದರಿಂದ ಮುಂದಿನ ಸಲ ಇಂಥ ವಾದ ಎದ್ದಾಗ ಮೂರು ಪ್ರಶ್ನೆ ಕೇಳಿ. ನಮ್ಮ ಅಭಿಪ್ರಾಯಕ್ಕೆ ಆಧಾರ ಮುಖ್ಯಾಂಶದ ಮೂರು ನಿಮಿಷವೋ, ಪೂರ್ತಿ ದಾಖಲೆಯೋ? ಇದೇ ಹಣಕ್ಕೆ, ಇದೇ ಜಾಗಕ್ಕೆ ಬೇರೆ ಯಾರಿದ್ದಾರೆ? ಎಣಿಸಿದಂತೆ ಆಗದಿದ್ದರೆ ಮುಂದೇನು? ಉತ್ತರವನ್ನು ಹರಾಜಿಗೆ ಮೊದಲೇ, ತಾರೀಖು ಹಾಕಿ ನೋಟುಪುಸ್ತಕದಲ್ಲಿ ಬರೆದಿಡಿ. ಫಲಿತಾಂಶ ತಿಳಿದ ಮೇಲೆ ಎಲ್ಲರೂ ಜಾಣರೇ. ಬರೆದಿಟ್ಟ ಪುಟವೊಂದೇ ನಿಮ್ಮ ನಿಜವಾದ ಜಾಣತನವನ್ನು ತೋರಿಸುವುದು.

ಕೊನೆಯದಾಗಿ ಒಂದು ಮಾತು. 2025ರ ಹರಾಜಿನಲ್ಲಿ ಪ್ರದೀಪ್ ಅವರನ್ನು ಯಾವ ತಂಡವೂ ಕೊಳ್ಳಲಿಲ್ಲ. ಸ್ವಲ್ಪ ದಿನಗಳಲ್ಲೇ ಅವರು ನಿವೃತ್ತಿ ಘೋಷಿಸಿದರು. ಅಷ್ಟು ಹೊತ್ತಿಗೆ ದಾಳಿಯಿಂದ ಗಳಿಸಿದ್ದ ಒಟ್ಟು ಅಂಕ 1801. ಹರಾಜು ಹೇಳುವುದು ಮುಂದಿನ ವರ್ಷದ ಬೆಲೆಯನ್ನು ಮಾತ್ರ. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಬೆಲೆ ಕಟ್ಟುವವರು ಕೂಡ, ಹತ್ತು ವರ್ಷ ಹೊಲ ಉತ್ತ ಎತ್ತಿನ ಬೆನ್ನು ಸವರಿಯೇ ಮುಂದೆ ಹೋಗುತ್ತಾರೆ. ಲೆಕ್ಕ ಕಠಿಣವಾಗಿರಲಿ, ಆಟಗಾರನ ಬಗ್ಗೆ ಆಡುವ ಮಾತು ಮೆತ್ತಗಿರಲಿ.