ಹಳೆಯ ಪ್ರತಿಯನ್ನು ಅಳಿಸದ ವ್ಯವಸ್ಥೆ



ಹಸ್ತಪ್ರತಿಗಳ ಪಾಠಾಂತರಗಳನ್ನು ಹುಡುಕುವುದರಲ್ಲೇ ಆಯುಷ್ಯದ ಬಹುಭಾಗ ಕಳೆದವನು ನಾನು. ಇಂಥವನು ಕಂಪ್ಯೂಟರಿನ ಬಗೆಗೆ ಮಾತನಾಡುವುದು ಅಧಿಕಪ್ರಸಂಗವೆನಿಸಬಹುದು. ಕಾರಣವಿದೆ. ಎರಡು ವರ್ಷಗಳ ಕೆಳಗೆ ನಾನು ಸಂಪಾದಿಸಿದ ಕಾವ್ಯವೊಂದರ ಪೀಠಿಕೆಯನ್ನು ಕಂಪ್ಯೂಟರಿನಲ್ಲಿ ತಿದ್ದುತ್ತ, ಅರ್ಧದಷ್ಟನ್ನು ಹೊಡೆದುಹಾಕಿ, ಉಳಿದುದನ್ನು ಅದೇ ಹೆಸರಿನಲ್ಲಿ ಸೇರಿಸಿಟ್ಟು ಎದ್ದೆ. ಮರುದಿನ ನೋಡಿದರೆ ಹೊಡೆದುಹಾಕಿದ ಭಾಗವೇ ಸರಿಯಾಗಿತ್ತೆಂದು ತೋರಿತು. ಅದು ಎಲ್ಲಿಯೂ ಇರಲಿಲ್ಲ. ಕಾಗದದ ಮೇಲಾದರೆ ಗೀಟೆಳೆದ ಪದವನ್ನಾದರೂ ಓದಬಹುದು. ನೆರೆಮನೆಯ ಎಂಜಿನಿಯರೊಬ್ಬರು ನನ್ನ ಗೋಳು ಕೇಳಿ ನಕ್ಕರು: “ನಿಮಗೆ ಬೇಕಾದ ಯಂತ್ರ ಎಪ್ಪತ್ತರ ದಶಕದಲ್ಲೇ ಇತ್ತು, ಸಾರ್.”

ಅವರು ಹೇಳಿದ್ದು ಮಿನಿಕಂಪ್ಯೂಟರುಗಳ ವಿಷಯ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್ ಎಂಬ ಊರಿನಲ್ಲಿ, ಹಳೆಯದೊಂದು ಉಣ್ಣೆ ಗಿರಣಿಯ ಕಟ್ಟಡದಲ್ಲಿ ಬೆಳೆದ ಡಿಜಿಟಲ್ ಈಕ್ವಿಪ್‌ಮೆಂಟ್ ಸಂಸ್ಥೆ 1970ರಲ್ಲಿ ಪಿ.ಡಿ.ಪಿ.-11 ಎಂಬ ಯಂತ್ರವನ್ನು ಹೊರತಂದಿತು. ಇಡೀ ಕೋಣೆ ತುಂಬುವಂಥದಲ್ಲ, ಬೀರುವಿನಷ್ಟು ಗಾತ್ರದ್ದು. ಯಂತ್ರದ ಯಜಮಾನಿಕೆ ನಡೆಸುವ, ಬರಹಗಳಿಗೆ ಹೆಸರಿಟ್ಟು ಕಾಪಾಡಿ, ಕೇಳಿದಾಗ ತೆಗೆದುಕೊಡುವ ಮೂಲ ಕ್ರಮವಿಧಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು.

ಈ ಯಂತ್ರದ ಸ್ಮರಣೆಯೋ ಬಡವನ ಕಣಜದಂತೆ. ಒಂದು ಸ್ಮೃತಿಕೋಶದಲ್ಲಿ 16 ಬಿಟ್‌ಗಳು, ಅಂದರೆ 65,536 ಬಗೆಯ ಜೋಡಣೆ. ಅಕ್ಷರ, ಅಂಕಿ, ಕೆಲವು ಚಿಹ್ನೆ ಸೇರಿ 40 ಸಂಕೇತಗಳು ಸಾಕೆಂದುಕೊಂಡರೆ ಮೂರು ಸಂಕೇತಗಳ ಜೋಡಣೆಗಳು 64,000. ಸರಿಯಾಗಿ ಹಿಡಿಸಿತು! ಆದ್ದರಿಂದ ಆರ್.ಟಿ.-11 ಎಂಬ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ ಎರಡು ಕೋಶ, ಆರಕ್ಷರ. ಬಾಲಕ್ಕೆ ಒಂದು ಕೋಶ, ಮೂರಕ್ಷರ. ಮೂರಕ್ಷರದ ಬಾಲ ಆ ಸಂಸ್ಥೆಯ ಹಿಂದಿನ ದೊಡ್ಡ ಯಂತ್ರಗಳಲ್ಲೂ ಇತ್ತೆನ್ನಿ. ಗ್ಯಾರಿ ಕಿಲ್ಡಾಲ್ 1974ರಲ್ಲಿ ರಚಿಸಿದ ಸಿ.ಪಿ./ಎಂ., 1981ರ ಎಂ.ಎಸ್.-ಡಾಸ್ ಅದನ್ನೇ ಅನುಸರಿಸಿದವು. ಇಂದಿಗೂ ನಮ್ಮ ಕಡತಗಳ ಕೊನೆಗೆ ಚುಕ್ಕೆಯ ಮುಂದೆ ಬಹುಮಟ್ಟಿಗೆ ಮೂರೇ ಅಕ್ಷರ. ಇಕ್ಕಟ್ಟು ತೀರಿದ ಮೇಲೂ ಉಳಿದ ಪ್ರತ್ಯಯ! ಭಾಷೆಯ ಚರಿತ್ರೆ ಓದಿದವರಿಗೆ ಇದು ಹೊಸತೇನಲ್ಲ.

ನನ್ನ ಮನಸ್ಸನ್ನು ಸೆಳೆದದ್ದು ಮಾತ್ರ ಉಳಿಯದೆ ಹೋದದ್ದು. ಅದೇ ಸಂಸ್ಥೆ 1977ರಲ್ಲಿ ಪ್ರಕಟಿಸಿದ ವ್ಯಾಕ್ಸ್ ಯಂತ್ರದ ವ್ಯವಸ್ಥೆಗೆ ವಿ.ಎಂ.ಎಸ್. ಎಂದು ಹೆಸರು. ಅದರಲ್ಲಿ ಬರಹ ತಿದ್ದಿ ಇಟ್ಟರೆ ಹಳೆಯದು ಅಳಿಯುವುದಿಲ್ಲ. ಹೆಸರಿನ ಕೊನೆಗೆ ಅರ್ಧವಿರಾಮ, ಅದರ ಮುಂದೆ 1, 2, 3 ಎಂದು ಸಂಖ್ಯೆ ಏರುತ್ತದೆ. ಸಂಖ್ಯೆ ಹೇಳದಿದ್ದರೆ ಇತ್ತೀಚಿನದು ಸಿಗುತ್ತದೆ, ಹೇಳಿದರೆ ಹಳೆಯದು. ಹಿಂದಿನ ಆರ್.ಎಸ್.ಎಕ್ಸ್.-11ರಲ್ಲೂ ಈ ಪದ್ಧತಿಯಿತ್ತು. ಪಾಠಾಂತರಗಳನ್ನು ತಾನೇ ಕಾಯುವ ಪ್ರತಿಕಾರ! ನಮ್ಮ ಓಲೆಗರಿಗಳ ಲಿಪಿಕಾರರಿಗೆ ಈ ಬುದ್ಧಿ ಇದ್ದಿದ್ದರೆ ನಮ್ಮ ಕೆಲಸವೇ ಇರುತ್ತಿರಲಿಲ್ಲ.

ಪ್ರತಿಗಳು ಬೆಳೆದಂತೆ ತಟ್ಟೆ ತುಂಬುತ್ತಿತ್ತು, ನಿಜ. ಅದಕ್ಕೆಂದೇ ‘ಪರ್ಜ್’ ಎಂಬ ಆಜ್ಞೆ. ಕೊಟ್ಟೊಡನೆ ಕೊನೆಯ ಪ್ರತಿಯೊಂದನ್ನುಳಿದು ಮಿಕ್ಕವು ಮಾಯ. ಆದರೆ ಅಳಿಸುವವನು ಅಳಿಸುತ್ತೇನೆಂದು ಬಾಯಿಬಿಟ್ಟು ಹೇಳಬೇಕಿತ್ತು.

ಮಿನಿಕಂಪ್ಯೂಟರಿನ ಮೇಲೆಯೇ 1969ರಲ್ಲಿ ಹುಟ್ಟಿದ ಯೂನಿಕ್ಸ್‌ಗೆ ಈ ಸಂಕೋಚವಿರಲಿಲ್ಲ. ಹಳೆಯದರ ಮೇಲೆ ಹೊಸದನ್ನು ಬರೆಯಿತು. ಗೆದ್ದದ್ದು ಅದರ ವಂಶವೇ. ಆರ್.ಎಸ್.ಎಕ್ಸ್., ವಿ.ಎಂ.ಎಸ್. ಎರಡರಲ್ಲೂ ದುಡಿದ ಡೇವ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅವರ ಮುಂದಾಳುತನದ ವಿಂಡೋಸ್ ಎನ್.ಟಿ. 1993ರಲ್ಲಿ ಬಂತು. ಹಳೆಯ ಮನೆಯಿಂದ ಎಷ್ಟೋ ವಿಚಾರಗಳು ಅವರ ಜೊತೆ ಬಂದವು; ಈ ಅಂಕೆ ಬರಲಿಲ್ಲ. ಇಂದು ಕೆಲವು ತಂತ್ರಾಂಶಗಳು ಹಳೆಯ ಪ್ರತಿಗಳನ್ನು ಕಾಯುತ್ತವೆ, ಆದರೆ ಅದು ಅವುಗಳ ಕೃಪೆ, ಯಜಮಾನನ ಪದ್ಧತಿಯಲ್ಲ.

ಈಗ ನಾನು ಪ್ರತಿ ಬರಹದ ಹೆಸರಿನ ಕೊನೆಗೂ ಕೈಯಾರೆ ಸಂಖ್ಯೆ ಹಾಕುತ್ತೇನೆ. ನಿಮಗೆ ಓದಿ ಹೇಳಿದ್ದು ಈ ಭಾಷಣದ ಆರನೆಯ ಪ್ರತಿ.